ರಸ್ತೆ ಅಗಲವಿದೆ, ಬಾಯಿ ಕಿರಿದು

(ಸಿಗ್ನಲ್‌ಗಳಿಗೆ ಟೈಮಿಂಗ್ ಹಾಕುವ ಕೆಲಸದಲ್ಲೇ ನೌಕರಿ ಮುಗಿಸಿದ ಸಂಚಾರ ಇಂಜಿನಿಯರ್ ಒಬ್ಬರು ಓದುಗರ ಪತ್ರಗಳಿಗೆ ಉತ್ತರಿಸುವ ಅಂಕಣ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು.)

ಪ್ರಶ್ನೆ: ನಮ್ಮ ಮನೆ ಹತ್ತಿರದ ಜಂಕ್ಷನ್‌ನಲ್ಲಿ ಎರಡು ನಿಮಿಷದ ಮೇಲೆ ಕೆಂಪು ದೀಪ ಇರುತ್ತದೆ. ಅಡ್ಡ ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲದಾಗಲೂ ಅವರಿಗೇ ಹಸಿರು. ಕೊನೆಗೆ ನಮಗೆ ಹಸಿರು ಬಂದರೆ ಅರ್ಧ ಗಾಡಿಗಳು ದಾಟುವಷ್ಟರಲ್ಲಿ ಮತ್ತೆ ಕೆಂಪು. ಹಸಿರಿನ ಸಮಯ ಜಾಸ್ತಿ ಮಾಡಿದರೆ ಆಗುವುದಿಲ್ಲವೇ?
— ಶಾಲಾ ಶಿಕ್ಷಕಿ, ವಿಜಯನಗರ

ಉತ್ತರ: ಮೇಡಂ, ನಿಮ್ಮದು ಒಂದೇ ಪತ್ರವಾದರೂ ಕಾಯಿಲೆ ಎರಡು.

ಖಾಲಿ ರಸ್ತೆಗೆ ಹಸಿರು ಸಿಗುವುದು ಹಳೆಯ ಪದ್ಧತಿಯ ಸಿಗ್ನಲ್‌ನಲ್ಲಿ. ಯಾರೋ ಒಂದು ದಿನ ಗಾಡಿ ಎಣಿಸಿ, ಲೆಕ್ಕ ಹಾಕಿ, ಪೆಟ್ಟಿಗೆಯೊಳಗೆ ಸಮಯ ತುಂಬಿಸಿ ಹೋಗಿರುತ್ತಾರೆ. ಆಮೇಲೆ ಅಕ್ಕಪಕ್ಕ ಎರಡು ಅಪಾರ್ಟ್‌ಮೆಂಟ್, ಒಂದು ಕಾಲೇಜು ಬಂದರೂ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಈಗ ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ ಕ್ಯಾಮೆರಾ ನೋಡಿ ತಾನೇ ಸಮಯ ಬದಲಿಸಿಕೊಳ್ಳುವ ಸಿಗ್ನಲ್‌ಗಳು ಬಂದಿವೆ. ನಿಮ್ಮಲ್ಲಿಗೂ ಅದು ಬಂದರೆ ಮೊದಲ ಕಾಯಿಲೆ ಬಹುಮಟ್ಟಿಗೆ ವಾಸಿ.

ಎರಡನೆಯದಕ್ಕೆ, ಹಸಿರು ಜಾಸ್ತಿ ಮಾಡಿ ಎನ್ನುವುದಕ್ಕೆ, ನಾನು ಸುಲಭವಾಗಿ ಒಪ್ಪುವುದಿಲ್ಲ. ನಾಲ್ಕು ಕಡೆಗೂ ಸರದಿಯಂತೆ ಹಸಿರು ಕೊಡುವ ಜಂಕ್ಷನ್‌ನಲ್ಲಿ ಪ್ರತಿ ಬದಲಾವಣೆಗೂ ನಾಲ್ಕು ಸೆಕೆಂಡಿನಷ್ಟು ವ್ಯರ್ಥ ಎಂದಿಟ್ಟುಕೊಳ್ಳಿ. ಹಳದಿ ಉರಿಯುವ ಹೊತ್ತು, ಮುಂದಿನವನು ಗೇರ್ ಹಾಕುವ ಹೊತ್ತು. ನಾಲ್ಕೂ ಕಡೆಗೆ ಒಮ್ಮೆ ಹಸಿರು ಬಂದು ಮುಗಿಯುವ ಒಂದು ಸುತ್ತಿನಲ್ಲಿ 16 ಸೆಕೆಂಡ್ ಹೋಯಿತು. ಸುತ್ತು 60 ಸೆಕೆಂಡಿನದಾದರೆ ಕಾಲು ಭಾಗಕ್ಕಿಂತ ಹೆಚ್ಚು ನಷ್ಟ. 120 ಮಾಡಿದರೆ ನಷ್ಟ ಶೇ 13ಕ್ಕೆ ಇಳಿಯುತ್ತದೆ, ಒಳ್ಳೆಯ ಲಾಭ. 180 ಮಾಡಿದರೆ ಶೇ 9. ಇನ್ನೊಂದು ಇಡೀ ನಿಮಿಷ ಎಲ್ಲರನ್ನೂ ಕಾಯಿಸಿ ಸಿಕ್ಕಿದ್ದು ನಾಲ್ಕು ಪೈಸೆ ಲಾಭ. ಅಷ್ಟರಲ್ಲಿ ಹಿಂದಿನ ಸಾಲು ಬೆಳೆದು ಹಿಂದಿನ ಜಂಕ್ಷನ್ನಿಗೆ ಅಡ್ಡ ನಿಂತಿರುತ್ತದೆ, ರಸ್ತೆ ದಾಟಲು ನಿಂತವರು ತಾಳ್ಮೆ ಕಳೆದುಕೊಂಡು ನುಗ್ಗಿರುತ್ತಾರೆ. ಸಿಗ್ನಲ್ ಸುತ್ತು ಎಷ್ಟಿರಬೇಕು ಎನ್ನುವ ಲೆಕ್ಕವನ್ನು ಬ್ರಿಟನ್ನಿನ ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲೇ ಬರೆದಿಟ್ಟ. ಈಗಲೂ ಇಂಜಿನಿಯರಿಂಗ್ ಹುಡುಗರು ಅದನ್ನೇ ಓದಿ ಪಾಸಾಗುತ್ತಾರೆ. ಪಾಸಾದ ಮೇಲೆ ಮರೆತು, ಫೋನಿನಲ್ಲಿ ಯಾರಾದರೂ ಗದರಿದ ತಕ್ಷಣ ಹತ್ತು ಸೆಕೆಂಡ್ ಸೇರಿಸುತ್ತಾರೆ.

ಹಾಗಾದರೆ ನಿಮ್ಮ ಅರ್ಧ ಗಾಡಿಗಳು ಉಳಿಯುವುದೇಕೆ? ನಾಳೆ ಸಂಜೆ ಸ್ಟಾಪ್ ಲೈನಿನಿಂದ ಹಿಂದಕ್ಕೆ ಮೂವತ್ತು ಮೀಟರ್ ನಡೆದು ಎಡಗಡೆ ನೋಡಿ. ಬೇಕರಿ ಮುಂದೆ ಒಂದು ಕಾರು ನಿಂತಿರುತ್ತದೆ, ಹಜಾರ್ಡ್ ಲೈಟ್ ಹಾಕಿಕೊಂಡು. ಆ ದೀಪ ಹಾಕಿದರೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ನಮ್ಮಲ್ಲಿ ಯಾರು ಕಲಿಸಿದರೋ! ಈಗ ಲೆಕ್ಕ ನೋಡಿ. ನಿಂತ ಸಾಲಿನಿಂದ ಗಾಡಿಗಳು ಹೊರಡುವಾಗ ಒಂದು ಲೇನಿನಲ್ಲಿ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಎಷ್ಟೇ ಹಾರನ್ ಹೊಡೆದರೂ ಇದು ಹೆಚ್ಚು ಬದಲಾಗುವುದಿಲ್ಲ. ಮೂರು ಲೇನ್, 40 ಸೆಕೆಂಡ್ ಹಸಿರು. ಎಡ ಲೇನಿನಲ್ಲಿ, ಆ ನಿಂತ ಕಾರಿನ ಮುಂದೆ, ಹಿಡಿಯುವುದೇ ಐದಾರು ಕಾರು. ಹನ್ನೆರಡು ಸೆಕೆಂಡಿನಲ್ಲಿ ಅವು ಹೋಗಿಬಿಡುತ್ತವೆ. ಮಿಕ್ಕ 28 ಸೆಕೆಂಡ್ ಹಸಿರು ದೀಪ ಉರಿಯುತ್ತಿರುತ್ತದೆ, ಆದರೆ ಮೂರು ಲೇನಿನ ಬಾಯಿಗೆ ಎರಡೇ ಲೇನಿನ ಗಾಡಿ ಬರುತ್ತಿರುತ್ತದೆ. ಒಂದು ಸುತ್ತಿಗೆ ಹದಿನಾಲ್ಕು ಕಾರು ಖೋತಾ. ಎರಡು ನಿಮಿಷದ ಸುತ್ತಾದರೆ ಗಂಟೆಗೆ ಮೂವತ್ತು ಸುತ್ತು, ಅಂದರೆ 420 ಕಾರಿನಷ್ಟು ಜಾಗ. ಇಷ್ಟೂ ಒಬ್ಬರು ಪಫ್ಸ್ ಕಟ್ಟಿಸಿಕೊಳ್ಳುವುದಕ್ಕೆ.

ರಸ್ತೆ ಅಗಲ ಮಾಡಿ ಎಂದು ಎಲ್ಲರೂ ಕೇಳುತ್ತಾರೆ. ಜಂಕ್ಷನ್ನಿನಿಂದ ಜಂಕ್ಷನ್ನಿಗೆ ನಡುವೆ ರಸ್ತೆ ಎಷ್ಟೇ ಅಗಲವಿರಲಿ, ಗಂಟೆಗೆ ಎಷ್ಟು ಗಾಡಿ ಹೋಗುತ್ತವೆ ಎಂದು ತೀರ್ಮಾನಿಸುವುದು ಸ್ಟಾಪ್ ಲೈನಿನ ಹಿಂದಿನ ಐವತ್ತು ಮೀಟರ್ ಮತ್ತು ಜಂಕ್ಷನ್ ದಾಟಿದ ಮೇಲಿನ ಐವತ್ತು ಮೀಟರ್. ಇಷ್ಟು ಜಾಗದಲ್ಲಿ ಕಾರು, ಆಟೋ, ತಳ್ಳುಗಾಡಿ, ಜಲ್ಲಿ ರಾಶಿ ಏನೂ ಇರಬಾರದು. ನನ್ನ ಅರ್ಧ ಅಂಕಣ ಇದೊಂದೇ ಮಾತು.

ಪ್ರಶ್ನೆ: ಸಿಲ್ಕ್ ಬೋರ್ಡ್‌ನಲ್ಲಿ ಡಬಲ್ ಡೆಕ್ಕರ್ ಮೇಲ್ಸೇತುವೆ ಆಯಿತು, ಮೆಟ್ರೋ ಬಂತು. ಆದರೂ ಹೊರವರ್ತುಲ ರಸ್ತೆಯಲ್ಲಿ ನನ್ನ ಸಂಜೆಗಳು ಕಳೆಯುತ್ತಲೇ ಇವೆ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆ ಎನ್ನುತ್ತಿದ್ದಾರೆ. ನೆಲದ ಮೇಲೆ ಜಾಗವಿಲ್ಲದಿದ್ದಾಗ ಕೆಳಗೆ ಹೋಗುವುದರಲ್ಲಿ ತಪ್ಪೇನು?
— ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ಕೆಳಗೆ ಹೋದವನು ಎಲ್ಲೋ ಒಂದು ಕಡೆ ಮೇಲೆ ಬರಲೇಬೇಕಲ್ಲ ಸಾರ್. ಅಲ್ಲಿ ಏನಾಗುತ್ತದೆ ಎನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮೂರಿನ ಮೇಲ್ಸೇತುವೆಗಳ ಚರಿತ್ರೆ ನೋಡಿ. ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ಹತ್ತು ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ 2010ರಲ್ಲಿ ತೆರೆಯಿತು. ಮೇಲೆ ಹತ್ತು ನಿಮಿಷದ ಹಾರಾಟ, ಆಮೇಲೆ ಸಿಲ್ಕ್ ಬೋರ್ಡ್ ಕಡೆ ಇಳಿದು ತೆವಳಾಟ. ಮೇಲೆ ಉಳಿಸಿದ ಸಮಯವನ್ನು ಕೆಳಗೆ ಬಡ್ಡಿ ಸಮೇತ ಕಟ್ಟುತ್ತಿದ್ದೆವು. 2003ರ ಹೆಬ್ಬಾಳ ಮೇಲ್ಸೇತುವೆ ಹಲವು ಕಡೆಯ ಗಾಡಿಗಳನ್ನು ಒಂದುಗೂಡಿಸಿ ನಗರದ ಕಡೆ ಕೆಲವೇ ಲೇನುಗಳಿಗೆ ಸುರಿಯಿತು. ಅದನ್ನು ಸರಿಪಡಿಸಲು 2025ರಲ್ಲೂ ಹೊಸ ಲೂಪ್ ಕಟ್ಟುತ್ತಿದ್ದರು. ಸಿಲ್ಕ್ ಬೋರ್ಡ್–ರಾಗಿಗುಡ್ಡ ಡಬಲ್ ಡೆಕ್ಕರ್ 2024ರ ಜುಲೈನಲ್ಲಿ ಒಂದು ಕಡೆ ತೆರೆದಾಗ ಆ ಜಂಕ್ಷನ್ನಿಗೆ ಉಪಕಾರವಾಗಿದ್ದು ನಿಜ, ಇಲ್ಲ ಎನ್ನುವುದಿಲ್ಲ. ಆದರೆ ಜಂಕ್ಷನ್ನಿನ ಬಾಯಿ ಬಿಡಿಸಿದಾಗ ಗಾಡಿಗಳು ಮಾಯವಾಗುವುದಿಲ್ಲ, ಮುಂದಿನ ಬಾಯಿಗೆ ಬೇಗ ತಲುಪುತ್ತವೆ. ಅಷ್ಟೇ.

ಇನ್ನೊಂದು ಸಂಗತಿ ಇದೆ, ಅದನ್ನು ಉದ್ಘಾಟನೆಯ ದಿನ ಯಾರೂ ಹೇಳುವುದಿಲ್ಲ. ಜಾಮ್‌ಗೆ ಹೆದರಿ ಏಳಕ್ಕೇ ಮನೆ ಬಿಡುತ್ತಿದ್ದವರು ಇದ್ದಾರೆ. ವೋಲ್ವೋ ಬಸ್ ಹಿಡಿಯುತ್ತಿದ್ದವರು ಇದ್ದಾರೆ. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಮ್ಯಾನೇಜರ್ ಜೊತೆ ಜಗಳವಾಡಿದವರೂ ಇದ್ದಾರೆ. ಹೊಸ ರಸ್ತೆ ತೆರೆದು ಆರು ತಿಂಗಳಾಗುವಷ್ಟರಲ್ಲಿ ಅವರೆಲ್ಲ ಒಂಬತ್ತು ಗಂಟೆಗೆ ಕಾರಿನಲ್ಲಿ ಹೊರಟಿರುತ್ತಾರೆ. ದಾರಿ ಚೆನ್ನಾಗಿದೆಯೆಂದು ಅದರ ತುದಿಯಲ್ಲಿ ಹೊಸ ಲೇಔಟ್ ಏಳುತ್ತದೆ. ಅಮೆರಿಕದ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1962ರಲ್ಲೇ ಇದನ್ನು ಬರೆದ: ಪೀಕ್ ಅವರ್‌ನ ದಟ್ಟಣೆ ಹೊಸ ರಸ್ತೆಯನ್ನು ತುಂಬುವವರೆಗೂ ಬೆಳೆಯುತ್ತದೆ ಎಂದು. ಅಲ್ಲಿಯೂ ಯಾರೂ ಕೇಳಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸುರಂಗದ ದುಡ್ಡಿನಲ್ಲಿ ರೈಲು ಮತ್ತು ಬಸ್ ತನ್ನಿ ಎನ್ನುತ್ತೇನೆ. ಮೆಟ್ರೋದ ಹಳದಿ ಮಾರ್ಗ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಹೊತ್ತು ಕಾಯುವ ವ್ಯವಧಾನ ಯಾರಿಗಿದೆ? ರೈಲು ಐದು ನಿಮಿಷಕ್ಕೊಂದು ಬಂದರೆ ಟೈಂಟೇಬಲ್ ನೋಡದೆ ಹೊರಡಬಹುದು. ಕಾರಿನ ಬೀಗದ ಕೈ ಮನೆಯಲ್ಲೇ ಬಿಟ್ಟು ಬರುವುದು ಆಗ. ನಿಮ್ಮ ಹೊರವರ್ತುಲ ರಸ್ತೆಗೆ ನೀಲಿ ಮಾರ್ಗ ಬರುತ್ತಿದೆ. ಅದು ಬರುವವರೆಗೆ ನಿಮ್ಮ ಕಂಪನಿಯಿಂದ ನಿಲ್ದಾಣಕ್ಕೆ ನಡೆಯಲು ಫುಟ್‌ಪಾತ್ ಇದೆಯೇ ಎಂದು ಈಗಿನಿಂದಲೇ ಗಲಾಟೆ ಮಾಡಿ.

ಪ್ರಶ್ನೆ: ನಾನು ಬಿಎಂಟಿಸಿಯಲ್ಲಿ ಚಾಲಕನಾಗಿದ್ದು ನಿವೃತ್ತನಾದವನು. ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸುತ್ತೀರಿ ಎಂದು ಜನ ನಮ್ಮನ್ನು ಬೈಯದ ದಿನವಿಲ್ಲ. ನಿಲ್ದಾಣದಲ್ಲಿ ಆಟೋಗಳು ತುಂಬಿರುತ್ತವೆ. ಬೇ (ಬಸ್ ನಿಲ್ಲಲು ರಸ್ತೆ ಬದಿಯಲ್ಲಿ ಒಳಕ್ಕೆ ಬಿಟ್ಟ ಜಾಗ) ಒಳಗೆ ಹೋದರೆ ಹೊರಗೆ ಬರಲು ಯಾರೂ ದಾರಿ ಬಿಡುವುದಿಲ್ಲ. ನಾವೇನು ಮಾಡಬೇಕಿತ್ತು?
— ನಿವೃತ್ತ ಬಸ್ ಚಾಲಕ, ಯಶವಂತಪುರ

ಉತ್ತರ: ಯಜಮಾನರೇ, ನೀವು ಮಾಡಿದ್ದೇ ಸರಿ. ಇದನ್ನು ಅಚ್ಚಿನಲ್ಲಿ ಓದಿ ಕೆಲವರು ಕೆರಳುತ್ತಾರೆ, ಕೆರಳಲಿ.

ಬಸ್ ಬೇ ಎನ್ನುವುದು ಕಾರಿನವರಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಟು. ಹೆದ್ದಾರಿಯಲ್ಲಿ, ಗಾಡಿಗಳು ಎಂಬತ್ತರಲ್ಲಿ ಓಡುವಾಗ, ಬಸ್ಸು ಪಕ್ಕಕ್ಕೆ ಸರಿಯಬೇಕು, ಅದು ಸುರಕ್ಷತೆ. ಆದರೆ ಸಂಜೆ ಆರಕ್ಕೆ ಯಶವಂತಪುರದಲ್ಲಿ ಗಾಡಿಗಳು ನಡೆದುಹೋಗುವ ವೇಗದಲ್ಲಿ ಇರುವಾಗ ಅರವತ್ತು ಜನರಿರುವ ಬಸ್ಸು ಗೂಡಿನೊಳಗೆ ನುಗ್ಗಿ, ಮತ್ತೆ ಹೊರಬರಲು ಬಲಗಡೆಯ ಇಂಡಿಕೇಟರ್ ಹಾಕಿ ಒಬ್ಬೊಬ್ಬರಿಗೂ ಕೈಮುಗಿಯಬೇಕೇ? ಪ್ರತಿ ನಿಲ್ದಾಣದಲ್ಲಿ ಅರ್ಧ ನಿಮಿಷ ಹೀಗೆ ಹೋದರೆ, ಮೂವತ್ತು ನಿಲ್ದಾಣದ ರೂಟಿನಲ್ಲಿ ಕಾಲು ಗಂಟೆ. ಆ ಕಾಲು ಗಂಟೆಗೆ ಹೆದರಿ ಸ್ಕೂಟರ್ ಕೊಂಡವರು ಎಷ್ಟು ಜನ!

ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) 1990ರ ನಗರ ರಸ್ತೆಗಳ ಮಾರ್ಗಸೂಚಿಯಲ್ಲಿ ಪ್ರತಿ ಗಾಡಿಗೂ, ಅದು ರಸ್ತೆಯಲ್ಲಿ ತಿನ್ನುವ ಜಾಗದ ಲೆಕ್ಕದಲ್ಲಿ, ಒಂದು ತೂಕ ಕೊಟ್ಟಿದ್ದಾರೆ. ಕಾರು ಒಂದು. ಬಸ್ಸು, ಸಂಚಾರದಲ್ಲಿ ಅದರ ಪಾಲು ಎಷ್ಟು ಎನ್ನುವುದರ ಮೇಲೆ, 2.2ರಿಂದ 3.7. ಅಂದರೆ ಬಸ್ಸು ಹೆಚ್ಚೆಂದರೆ ನಾಲ್ಕು ಕಾರಿನ ಜಾಗ ತಿನ್ನುತ್ತದೆ. ನಾಲ್ಕು ಕಾರಿನಲ್ಲಿ ಎಷ್ಟು ಜನ ಇರುತ್ತಾರೆ ಎಂದು ನಿಮ್ಮ ಎತ್ತರದ ಸೀಟಿನಿಂದ ನೀವು ದಿನಾ ಎಣಿಸಿದ್ದೀರಿ. ಒಂದೊಂದರಲ್ಲಿ ಒಬ್ಬ, ಮೀರಿದರೆ ಇಬ್ಬರು.

ಆದರೆ ಬೈಯುವವರ ಕಡೆಯೂ ಒಂದು ನ್ಯಾಯವಿದೆ. ನಮ್ಮ ಬಹಳಷ್ಟು ನಿಲ್ದಾಣಗಳು ಸಿಗ್ನಲ್ಲಿನ ಹಿಂದೆ ಇವೆ. ಬಸ್ಸು ಜನ ಹತ್ತಿಸುವಷ್ಟರಲ್ಲಿ ಹಸಿರು ಮುಗಿದಿರುತ್ತದೆ, ಹಿಂದಿನವರೆಲ್ಲ ಬಸ್ಸಿನ ಬೆನ್ನು ನೋಡುತ್ತ ಇನ್ನೊಂದು ಸುತ್ತು ಕಾಯುತ್ತಾರೆ. ಅದೇ ನಿಲ್ದಾಣವನ್ನು ಜಂಕ್ಷನ್ ದಾಟಿ ಎಪ್ಪತ್ತು ಎಂಬತ್ತು ಮೀಟರ್ ಆಚೆ ಇಟ್ಟರೆ ಹಸಿರು ಉಳಿಯುತ್ತದೆ, ಬಸ್ಸಿನ ಬಾಲವೂ ಜಂಕ್ಷನ್ ಒಳಗೆ ಚಾಚುವುದಿಲ್ಲ. ಖರ್ಚು ಒಂದು ತಂಗುದಾಣದ್ದು ಮಾತ್ರ. ಇದನ್ನು ನಾನು ಕಡತದಲ್ಲಿ ಬರೆದಾಗಲೆಲ್ಲ ಹಳೆಯ ತಂಗುದಾಣದ ಹಿಂದಿನ ಅಂಗಡಿಯವರು, ಅದರ ಮೇಲಿನ ಜಾಹೀರಾತಿನವರು ಎದ್ದು ನಿಲ್ಲುತ್ತಿದ್ದರು.

ಬಸ್ಸಿಗೇ ಒಂದು ಲೇನ್ ಕೊಡುವ ಪ್ರಯತ್ನ 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರದ ನಡುವೆ ಆಯಿತು. ಗೂಟ ನೆಟ್ಟು, ಹಳದಿ ಬಣ್ಣ ಬಳಿದು. ಆಮೇಲೆ ಕೊರೋನಾ, ಅದರ ಹಿಂದೆಯೇ ಮೆಟ್ರೋ ಕಂಬಗಳು. ಲೇನ್ ಹೋಯಿತು. ಹುಬ್ಬಳ್ಳಿ–ಧಾರವಾಡದವರು ಮಾತ್ರ ಗಟ್ಟಿಗರು. ಎರಡೂ ಊರಿನ ನಡುವೆ ಸುಮಾರು 22 ಕಿಲೋಮೀಟರ್, ರಸ್ತೆಯ ಮಧ್ಯದಲ್ಲೇ ಚಿಗರಿ ಬಸ್ಸಿಗೆ ದಾರಿ, 2018ರಿಂದ ಓಡುತ್ತಿದೆ. ಅಲ್ಲಿಯೂ ದೂರಿಲ್ಲದಿಲ್ಲ. ಮಿಕ್ಕ ಗಾಡಿಗಳಿಗೆ ಜಾಗ ಸಾಲದು ಎನ್ನುತ್ತಾರೆ, ಖಾಲಿ ಲೇನ್ ಕಂಡರೆ ಹೊಟ್ಟೆ ಉರಿಯುತ್ತದೆ. ಖಾಲಿ ಇರುವುದರಿಂದಲೇ ಬಸ್ಸು ಹೊತ್ತಿಗೆ ಬರುತ್ತದೆ ಎನ್ನುವುದನ್ನು ಕಾರಿನ ಒಳಗಿಂದ ಒಪ್ಪುವುದು ಕಷ್ಟ.

ಪ್ರಶ್ನೆ: ಮೈಸೂರಿನ ಸರ್ಕಲ್‌ಗಳಲ್ಲಿ ಮೊದಲು ಯಾರು ಹೋಗಬೇಕು? ಒಳಗಿರುವವರೋ, ಒಳಗೆ ಬರುವವರೋ? ನನ್ನ ಸ್ಕೂಟರಿಗೆ ಎರಡು ಕಡೆಯಿಂದಲೂ ಹಾರನ್.
— ಗೃಹಿಣಿ, ಸರಸ್ವತಿಪುರಂ

ಉತ್ತರ: ಒಳಗಿರುವವರು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಸ್ಪಷ್ಟವಾಗಿದೆ. ಸರ್ಕಲ್ಲಿನಲ್ಲಿ ಆಗಲೇ ಸುತ್ತುತ್ತಿರುವವರಿಗೆ ಮೊದಲ ಹಕ್ಕು, ಹೊಸದಾಗಿ ಬರುವವರು ಬಾಯಲ್ಲಿ ನಿಧಾನಿಸಿ ದಾರಿ ಬಿಡಬೇಕು. ಕಾರಣವೂ ಸರಳ: ಒಳಗಿನವರನ್ನು ನಿಲ್ಲಿಸಿದರೆ ಅವರ ಹಿಂದಿನವರು ನಿಲ್ಲುತ್ತಾರೆ, ಅವರ ಹಿಂದೆ ಇನ್ನೊಂದು ರಸ್ತೆಯ ಬಾಯಿ ಮುಚ್ಚುತ್ತದೆ, ಒಂದು ಸುತ್ತು ಪೂರ್ತಿ ಗಂಟು ಬೀಳುತ್ತದೆ. ಒಳಗಿನವರು ಹೊರಬಿದ್ದರೆ ಮಾತ್ರ ಸರ್ಕಲ್ ಬದುಕುತ್ತದೆ. ಹಾರನ್ ಹೊಡೆಯುವವರನ್ನು ಹೊಡೆದುಕೊಳ್ಳಲು ಬಿಡಿ ಅಮ್ಮ, ನೀವು ಹೊರಗೆ ತಿರುಗುವ ಮೊದಲು ಎಡಗಡೆಯ ಇಂಡಿಕೇಟರ್ ಹಾಕುವುದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಪಾರ್ಕಿಂಗ್‌ಗೆ ದುಡ್ಡು ಇಡುತ್ತಾರಂತೆ. ಈಗಲೇ ಆನ್‌ಲೈನ್ ಮಾರಾಟದಿಂದ ವ್ಯಾಪಾರ ನೆಲಕಚ್ಚಿದೆ. ಗಿರಾಕಿಗಳು ಗಾಡಿ ನಿಲ್ಲಿಸಲಾಗದೆ ಹೋದರೆ ನಾವು ಬಾಗಿಲು ಹಾಕಬೇಕಾಗುತ್ತದೆ.
— ಬಟ್ಟೆ ಅಂಗಡಿ ಮಾಲೀಕ, ಬಳೇಪೇಟೆ

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಹತ್ತೂವರೆಗೆ ಅಂಗಡಿ ಮುಂದಿನ ಸ್ಕೂಟರುಗಳ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮಧ್ಯಾಹ್ನ ಎರಡಕ್ಕೆ ಮತ್ತೊಮ್ಮೆ, ಸಂಜೆ ಆರಕ್ಕೆ ಇನ್ನೊಮ್ಮೆ. ಅಂಗಡಿ ಬೀದಿಗಳಲ್ಲಿ ನಾನು ಇದನ್ನು ಮಾಡಿಸಿದಾಗಲೆಲ್ಲ ಮೂರೂ ಹೊತ್ತು ಅವೇ ನಂಬರ್‌ಗಳು ಕಂಡಿವೆ. ಯಾರವು? ಅಂಗಡಿ ಮಾಲೀಕರದ್ದು, ಕೆಲಸದ ಹುಡುಗರದ್ದು, ಮಹಡಿ ಮೇಲಿನ ಆಡಿಟರ್ ಕಚೇರಿಯವರದ್ದು. ಗಿರಾಕಿ ಪಾಪ, ಮೂರು ಸುತ್ತು ಹೊಡೆದು ಜಾಗ ಸಿಗದೆ ನೀವು ಹೇಳಿದ ಆನ್‌ಲೈನಿಗೇ ಹೋಗುತ್ತಾನೆ.

ಒಂದು ಸ್ಕೂಟರಿನ ಜಾಗವನ್ನು ದಿನವಿಡೀ ಒಬ್ಬರೇ ಹಿಡಿದರೆ ಅದು ಗೋದಾಮು. ಅರ್ಧ ಗಂಟೆಗೊಬ್ಬರು ಬದಲಾದರೆ ಹತ್ತು ಗಂಟೆಯ ವ್ಯಾಪಾರದಲ್ಲಿ ಇಪ್ಪತ್ತು ಗಿರಾಕಿಗಳು. ಮೊದಲ ಗಂಟೆಗೆ ಕಡಿಮೆ, ಆಮೇಲೆ ಏರುತ್ತ ಹೋಗುವ ದರ ಇಟ್ಟರೆ ಗಿರಾಕಿಗೆ ನೋವಾಗುವುದಿಲ್ಲ, ದಿನವಿಡೀ ನಿಲ್ಲಿಸುವವನು ಬೇರೆ ಜಾಗ ಹುಡುಕುತ್ತಾನೆ. ನೀವು ಸಂಘದ ಮೂಲಕ ಕೇಳಬೇಕಾದ್ದು ದರ ಬೇಡ ಎಂದಲ್ಲ. ಮಾಲು ಇಳಿಸುವ ಟೆಂಪೋಗಳಿಗೆ ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ ಎಂದು ಹೊತ್ತು ಗೊತ್ತು ಮಾಡಿ ಎಂದು ಕೇಳಿ, ಕೆಲಸದ ಹುಡುಗರಿಗೆ ದೂರದಲ್ಲೊಂದು ಜಾಗ ಕೊಡಿ ಎಂದು ಕೇಳಿ. ವಸೂಲಿ ಮಾಡುವವರು ರಸೀದಿ ಕೊಡದೆ ಕಾಸು ಕೀಳುತ್ತಾರೆ ಎನ್ನುವ ಭಯ ನನಗೂ ಇದೆ. ಅದಕ್ಕೆ ಮೊಬೈಲಿನಲ್ಲೇ ಪಾವತಿ ಎಂದು ಪಟ್ಟು ಹಿಡಿಯಿರಿ.

ಪ್ರಶ್ನೆ: ಕೆಲವೊಮ್ಮೆ ದೊಡ್ಡ ಜಾಮ್ ಇರುತ್ತದೆ. ತೆವಳಿಕೊಂಡು ಮುಂದೆ ಹೋದರೆ ಅಪಘಾತವಿಲ್ಲ, ಕೆಟ್ಟುನಿಂತ ಲಾರಿಯಿಲ್ಲ, ಏನೂ ಇಲ್ಲ. ಇದ್ದಕ್ಕಿದ್ದಂತೆ ರಸ್ತೆ ಖಾಲಿ. ಜಾಮ್ ಎಲ್ಲಿಂದ ಬಂತು?
— ಡಿಗ್ರಿ ವಿದ್ಯಾರ್ಥಿ, ನೆಲಮಂಗಲ

ಉತ್ತರ: ಹಿಂದಿನಿಂದ ಬರಲಿಲ್ಲ, ಮುಂದಿನಿಂದ ಬಂತು. ಜಪಾನಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಒಂದೇ ವೇಗದಲ್ಲಿ ಹೋಗಿ ಎಂದರು. ಸಿಗ್ನಲ್ ಇಲ್ಲ, ಅಡ್ಡ ರಸ್ತೆ ಇಲ್ಲ. ಸ್ವಲ್ಪ ಹೊತ್ತಿಗೇ ಯಾರೋ ಒಬ್ಬ ಚೂರು ನಿಧಾನಿಸಿದ, ಹಿಂದಿನವನು ಇನ್ನೂ ಚೂರು ಜಾಸ್ತಿ ಬ್ರೇಕ್ ಒತ್ತಿದ, ಅವನ ಹಿಂದಿನವನು ನಿಂತೇಬಿಟ್ಟ. ಆ ನಿಲುಗಡೆ ಅಲೆಯಂತೆ ಹಿಂದಕ್ಕೆ ಸಾಗಿತು. ಹುಟ್ಟಿಸಿದವನು ಮುಂದೆ ಹೋಗಿರುತ್ತಾನೆ, ನೀನು ಸಿಕ್ಕಿಬೀಳುವುದು ಅವನ ಬ್ರೇಕಿನ ಮರಿಮಕ್ಕಳಿಗೆ. ತುಮಕೂರು ರಸ್ತೆಯಲ್ಲಿ ಇದನ್ನು ಹುಟ್ಟಿಸುವವರು ಲೇನ್ ಬದಲಿಸುತ್ತಲೇ ಇರುವವರು. ಮುಂದಿನ ಗಾಡಿಗೆ ಅಂಟಿಕೊಳ್ಳದೆ ಅಂತರ ಬಿಟ್ಟರೆ ಅಲೆ ನಿನ್ನಲ್ಲೇ ಸತ್ತುಹೋಗುತ್ತದೆ. ಆ ಅಂತರಕ್ಕೆ ಯಾವನೋ ನುಗ್ಗುತ್ತಾನೆ ಎನ್ನುವೆ. ನುಗ್ಗಲಿ. ಇನ್ನೊಂದು ಅಂತರ ಬಿಡು.

ಪ್ರಶ್ನೆ: ನನಗೆ ಎಪ್ಪತ್ತಾರು ವರ್ಷ. ಆಸ್ಪತ್ರೆಗೆ ಹೋಗಲು ರಸ್ತೆ ದಾಟಬೇಕು. ಪಾದಚಾರಿಗಳ ಹಸಿರು ದೀಪ ನಾನು ಅರ್ಧ ದಾಟುವಷ್ಟರಲ್ಲಿ ಮಿನುಗಲು ಶುರುಮಾಡುತ್ತದೆ. ಪಕ್ಕದಲ್ಲಿ ಸ್ಕೈವಾಕ್ ಇದೆ, ಲಿಫ್ಟ್ ಇದೆ, ಆದರೆ ಲಿಫ್ಟ್‌ಗೆ ಬೀಗ.
— ಹಿರಿಯ ನಾಗರಿಕರು, ಜಯನಗರ

ಉತ್ತರ: ಹಿರಿಯರೇ, ನಿಮ್ಮ ಕಾಲು ನಿಧಾನವಾಗಿಲ್ಲ, ದೀಪದ ಲೆಕ್ಕ ಬೇರೆಯವರ ಕಾಲಿನದು. ಸಾಮಾನ್ಯವಾಗಿ ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದಿಟ್ಟುಕೊಂಡು ಸಮಯ ಹಾಕುತ್ತೇವೆ. 20 ಮೀಟರ್ ರಸ್ತೆಗೆ ಹದಿನೇಳು ಸೆಕೆಂಡ್. ಮೊಣಕಾಲು ನೋವಿರುವವರು, ಕೈಯಲ್ಲಿ ಮಗು ಇರುವವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಹೆಚ್ಚು. ಅವರಿಗೆ 25 ಸೆಕೆಂಡ್ ಬೇಕು. ಆಸ್ಪತ್ರೆ, ಶಾಲೆ, ಮಾರುಕಟ್ಟೆಯ ಮುಂದೆ ಆ ಎಂಟು ಸೆಕೆಂಡ್ ಸೇರಿಸಲು ಹೊಸ ಯಂತ್ರ ಬೇಕಿಲ್ಲ, ಪೆಟ್ಟಿಗೆ ತೆರೆದು ಅಂಕಿ ಬದಲಿಸಿದರೆ ಆಯಿತು. ಎಂಟು ಸೆಕೆಂಡಿಗೆ ಟ್ರಾಫಿಕ್ ಜಾಮ್ ಆಗುತ್ತದೆ ಎನ್ನುವವರಿಗೆ ಮೊದಲ ಪತ್ರದ ಬೇಕರಿ ಕಾರನ್ನು ತೋರಿಸಿ.

ಇನ್ನೊಂದು, ಡಿವೈಡರಿನ ಮಧ್ಯೆ ನಿಲ್ಲಲು ಜಾಗ. ವ್ಹೀಲ್‌ಚೇರ್ ಹಿಡಿಯುವಷ್ಟು ಅಗಲ, ರಸ್ತೆಯ ಮಟ್ಟದಲ್ಲೇ. ಅದಿದ್ದರೆ ಒಂದೇ ಉಸಿರಿಗೆ ದಾಟುವ ಒತ್ತಾಯವಿಲ್ಲ. ಸ್ಕೈವಾಕ್ ಬಗ್ಗೆ ನನಗೆ ಮೊದಲಿನಿಂದಲೂ ಮುನಿಸು. ನಡೆಯುವವರನ್ನು ಎರಡು ಮಹಡಿ ಹತ್ತಿಸಿ ಇಳಿಸುವುದು, ಪೆಟ್ರೋಲ್ ಸುಡುವವರು ನೇರ ಹೋಗಲಿ ಎಂದು! ಹೆದ್ದಾರಿಗೆ ಸರಿ. ಜಯನಗರದ ರಸ್ತೆಗೆ ಅಲ್ಲ. ಜಾಹೀರಾತು ಫಲಕ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನುವುದು ಬೇರೆ ಮಾತು.

ಪ್ರಶ್ನೆ: ನಿಮ್ಮ ಅಂಕಣ ಓದಿದರೆ ಕಾರಿನವರೆಲ್ಲ ಅಪರಾಧಿಗಳು ಅನ್ನಿಸುತ್ತದೆ. ಲಕ್ಷಗಟ್ಟಲೆ ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ. ಬಿಎಂಟಿಸಿಯಲ್ಲಿ ನೇತಾಡಿಕೊಂಡು ಹೋಗಬೇಕೇ?
— ಬೇಸತ್ತ ತೆರಿಗೆದಾರ, ಸಹಕಾರನಗರ

ಉತ್ತರ: ಬೇಡ. ನನ್ನ ಬಳಿಯೂ ಕಾರಿದೆ, ಮಳೆ ಬಂದರೆ ನಾನೂ ತೆಗೆಯುತ್ತೇನೆ. ಆದರೆ ಒಂದು ಯೋಚಿಸಿ. ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ. ನಿಮ್ಮ ಮುಂದಿನ ಬಸ್ಸಿನಲ್ಲಿರುವ ಅರವತ್ತು ಜನರೂ ನಾಳೆ ನಿಮ್ಮ ಹಾಗೆಯೇ ಬೇಸತ್ತು ಟ್ಯಾಕ್ಸ್ ಕಟ್ಟಿ ಕಾರು ತಂದರೆ, ಎಲ್ಲರಿಗಿಂತ ಹೆಚ್ಚು ನಷ್ಟ ಯಾರಿಗೆ? ಬಸ್ಸಿಗೆ ಲೇನ್ ಕೇಳಬೇಕಾದವರು ಮೊದಲು ನೀವು.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಜನರೇ ಸಿಮೆಂಟಿನಲ್ಲಿ ಹಂಪ್ ಹಾಕಿಕೊಂಡಿದ್ದಾರೆ. ಕಾರಿನ ತಳ ಬಡಿಯುತ್ತದೆ. ಸರಿಯಾದ ಅಳತೆ ಏನು?
— ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಐಆರ್‌ಸಿ ಮಾರ್ಗಸೂಚಿಯ ಗುಂಡನೆಯ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಿನಲ್ಲಿ ನೋವಿಲ್ಲದೆ ದಾಟುವಂಥದ್ದು. ಮುಂಚೆಯೇ ಸೂಚನಾ ಫಲಕ ಇರಬೇಕು, ಮೇಲೆ ಬಿಳಿ ಬಣ್ಣದ ಪಟ್ಟಿ ಇರಬೇಕು. ನಿಮ್ಮಲ್ಲಿರುವುದು ಎರಡಡಿ ಅಗಲದ ಗೋಡೆ. ರಾತ್ರಿ ಬೈಕಿನವರು ಬಿದ್ದರೆ ಹಾಕಿದವರ ತಲೆಗೇ ಬರುತ್ತದೆ ಎಂದು ಬಡಾವಣೆಯ ಸಭೆಯಲ್ಲಿ ಹೇಳಿ. ಪಾಲಿಕೆಗೆ ಅರ್ಜಿ ಕೊಟ್ಟು ಸರಿಯಾದದ್ದು ಹಾಕಿಸಿಕೊಳ್ಳಿ.

ಪ್ರಶ್ನೆ: ನೀವು ಹೇಳುವುದೆಲ್ಲ ಸಣ್ಣ ಸಣ್ಣ ಕೆಲಸ. ಆದರೆ ಯಾರ ಬಳಿ ಹೋಗಬೇಕು? ಪಾಲಿಕೆಯವರು ಪೊಲೀಸರ ಕಡೆ ತೋರಿಸುತ್ತಾರೆ, ಪೊಲೀಸರು ಪಾಲಿಕೆಯ ಕಡೆ.
— ಬಡಾವಣೆ ಸಂಘದ ಕಾರ್ಯದರ್ಶಿ, ಬಿಟಿಎಂ ಲೇಔಟ್

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅದೇ ತೊಂದರೆ. ರಸ್ತೆ, ಫುಟ್‌ಪಾತ್ ಪಾಲಿಕೆಯದ್ದು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿರುವುದರಿಂದ ನಿಮ್ಮದು ಯಾವುದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸಿಗ್ನಲ್ ನಡೆಸುವುದು ಸಂಚಾರ ಪೊಲೀಸರು. ಬಸ್ಸು ಬಿಎಂಟಿಸಿ, ರಸ್ತೆ ಅಗೆಯುವುದು ಜಲಮಂಡಳಿ, ಕೇಬಲ್ ಬೆಸ್ಕಾಂ, ಕಂಬ ನೆಡುವುದು ಮೆಟ್ರೋ. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆ 2022ರ ಡಿಸೆಂಬರ್‌ನಲ್ಲಿ ಶಾಸನಸಭೆಯಲ್ಲಿ ಪಾಸಾಯಿತು. ಮೇಜಿಗೆ ಬಲ ಬರಬೇಕಾದರೆ ದುಡ್ಡಿನ ಚೀಲವೂ ಅದರ ಮೇಲಿರಬೇಕು ಎನ್ನುವುದು ನನ್ನ ಹಳೆಯ ವಾದ.

ನಿಮ್ಮ ಮಟ್ಟದಲ್ಲಿ ಹೀಗೆ ಮಾಡಿ. "ನಮ್ಮಲ್ಲಿ ಟ್ರಾಫಿಕ್ ಜಾಸ್ತಿ, ಕ್ರಮ ಕೈಗೊಳ್ಳಿ" ಎನ್ನುವ ಅರ್ಜಿ ನೇರ ಕಪಾಟಿಗೆ ಹೋಗುತ್ತದೆ, ನಾನೇ ಎಷ್ಟೋ ಹಾಕಿದ್ದೇನೆ. ಒಂದೇ ಜಂಕ್ಷನ್, ಒಂದೇ ಕಡೆ ಆರಿಸಿಕೊಳ್ಳಿ. ಮಂಗಳವಾರದಿಂದ ಗುರುವಾರದೊಳಗೆ ಒಂದು ಸಂಜೆ, ಆರರಿಂದ ಏಳು, ಇಬ್ಬರು ನಿಲ್ಲಿ. ಒಬ್ಬರು ಪ್ರತಿ ಹಸಿರಿನಲ್ಲಿ ಸಾಲು ಪೂರ್ತಿ ದಾಟಿತೇ ಇಲ್ಲವೇ ಎಂದು ಬರೆಯಲಿ, ಇನ್ನೊಬ್ಬರು ಸ್ಟಾಪ್ ಲೈನಿನ ಹಿಂದೆ ಮುಂದೆ ಐವತ್ತು ಮೀಟರಿನಲ್ಲಿ ಏನೇನು ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಬರೆಯಲಿ. ಎರಡು ಫೋಟೋ, ಒಂದು ಕೈಚಿತ್ರ. ನಿಮಗೆ ಬೇಕಾದ್ದು ಒಂದೇ ಸಾಲಿನಲ್ಲಿ: ಆಟೋ ನಿಲ್ದಾಣ ಅಡ್ಡರಸ್ತೆಗೆ ಸರಿಸಿ, ಅಥವಾ ಬಸ್ ನಿಲ್ದಾಣ ಜಂಕ್ಷನ್ ದಾಟಿಸಿ. ಅದನ್ನು ನಿಮ್ಮ ಸಂಚಾರ ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಪಾಲಿಕೆಯ ವಾರ್ಡ್ ಇಂಜಿನಿಯರ್ ಇಬ್ಬರಿಗೂ ಒಂದೇ ದಿನ ಕೊಟ್ಟು, ಪ್ರತಿಯ ಮೇಲೆ ಇಬ್ಬರ ಸೀಲು ಹಾಕಿಸಿಕೊಳ್ಳಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಆ ಸೀಲು ತೋರಿಸಿ, ಇಬ್ಬರನ್ನೂ ಒಂದು ಸಂಜೆ ಜಂಕ್ಷನ್ನಿಗೇ ಕರೆಯಿರಿ. ಬೇಕರಿ ಪಕ್ಕದಲ್ಲಿ ಟೀ ಕೊಡಿಸುವ ಖರ್ಚು ಸಂಘದ್ದು.